ನಿಮಗಿದು ಗೊತ್ತೆ? ಕುದಿಸಿದರೂ ಹೋಗದ ನೈಟ್ರೇಟ್

ಚಳ್ಳಕೆರೆ, ಮೊಳಕಾಲ್ಮುರು ಕಡೆ ಮನೆಯಲ್ಲಿ ಮೀನು ಸಾಕುವವರು ನೀರು ಬದಲಿಸಿದಷ್ಟೂ ಗಾಜಿನ ಮೇಲೆ ಪಾಚಿ ಕಟ್ಟುತ್ತಿದ್ದರೆ ಮೀನನ್ನು ಬೈಯಬೇಡಿ, ಬೋರ್‌ವೆಲ್ ನೀರನ್ನೊಮ್ಮೆ ಪರೀಕ್ಷೆಗೆ ಕೊಡಿ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಅಷ್ಟೇ ಅಲ್ಲ, ಹಲವೆಡೆ ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ಕೂಡ ಮಿತಿ ಮೀರಿದೆ. ಹೊಲಕ್ಕೆ ಚೆಲ್ಲಿದ ಯೂರಿಯಾ, ಬಾವಿ ಪಕ್ಕದ ತಿಪ್ಪೆ, ಶೌಚಗುಂಡಿ ಇವುಗಳ ಸಾರವೆಲ್ಲ ಮಳೆನೀರಿನ ಜೊತೆ ಕೆಳಗಿಳಿಯುತ್ತದೆ.

ಕುಡಿಯುವ ನೀರಿನ ನೈಟ್ರೇಟ್‌ಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹವಳವಿರುವ ಉಪ್ಪುನೀರಿನ ತೊಟ್ಟಿಗೆ ಅದು ವಿಪರೀತ. ಅಲ್ಲಿ ಸಾಮಾನ್ಯವಾಗಿ 10ರೊಳಗೆ ಇಡಲು ನೋಡುತ್ತಾರೆ. ತೊಟ್ಟಿಯಲ್ಲಿ 40 ಇದೆ ಅನ್ನಿ. ಕಾಲುಭಾಗ ತೆಗೆದು ಶುದ್ಧ ಆರ್‌ಓ ನೀರಿನಲ್ಲಿ ಉಪ್ಪು ಕದಡಿ ಹಾಕಿದರೆ 30ಕ್ಕೆ ಇಳಿಯುತ್ತದೆ. 45 ಇರುವ ಬೋರ್‌ವೆಲ್ ನೀರು ಹಾಕಿದರೋ, 41 ದಾಟುತ್ತದೆ!

ಕುದಿಸಿದರೆ ಇನ್ನೂ ಕಷ್ಟ. ನೀರು ಆವಿಯಾಗಿ ನೈಟ್ರೇಟ್ ಪಾತ್ರೆಯಲ್ಲೇ ಉಳಿದು ಗಟ್ಟಿಯಾಗುತ್ತದೆ. ಬಣ್ಣ, ವಾಸನೆ, ರುಚಿಯಿಂದ ಪತ್ತೆಯಾಗುವುದಿಲ್ಲ. ಇಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಎಳೆಗೂಸಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು.

ತೊಟ್ಟಿಯಲ್ಲಿಡುವ ರಂಧ್ರಗಳ ಕಲ್ಲಿಗೂ ಇಲ್ಲಿ ಕೆಲಸವಿದೆ. ಅದರ ಒಳಗೆ, ಆಮ್ಲಜನಕ ತಲುಪದ ಕಡೆ, ಕೆಲವು ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ.

ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ದೊಡ್ಡ ಕಲ್ಲುಗಳನ್ನು ನೋಡಿದ್ದೀರಲ್ಲ? ಆ ಮದ್ದಿನ ಮುಖ್ಯ ಸಾಮಗ್ರಿ ಪೆಟ್ಲುಪ್ಪು. ಅದೂ ನೈಟ್ರೇಟೇ.