ಕಿಚ್ಚನ್ನು ಕಟ್ಟಿಡುವ ಪೆಟ್ಟಿಗೆ

ನಮ್ಮ ಶಾಲೆಯಲ್ಲಿ ಓದಿ, ಮುಂದೆ ವಿದ್ಯುತ್ ಕೆಲಸವನ್ನು ಕಲಿತು, ಈಗ ಸಕ್ಕರೆ ಕಾರ್ಖಾನೆಯೊಂದರ ಮದ್ಯಸಾರ ಘಟಕದಲ್ಲಿ ದುಡಿಯುತ್ತಿರುವ ಶಿಷ್ಯನೊಬ್ಬನು ಜಾತ್ರೆಗೆ ಬಂದಾಗ ನನ್ನ ಮುಂದೆ ಒಂದು ಸಮಸ್ಯೆಯನ್ನಿಟ್ಟನು. “ಗುರುಗಳೇ, ಎಕ್ಸ್‌ಪ್ಲೋಷನ್ ಪ್ರೂಫ್ ಪ್ಯಾನೆಲ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಅದರ ಬಳಿ ಎಚ್ಚರಿಕೆಯ ಫಲಕವನ್ನು ಬರೆಯಿಸಬೇಕಾಗಿದೆ” ಎಂದನು. “ಸ್ಫೋಟನಿರೋಧಕ” ಎಂದು ನಾನು ಒಡನೆಯೇ ಹೇಳಿಬಿಟ್ಟೆನು. ಆತನು ಒಪ್ಪಲಿಲ್ಲ. “ಆ ಹೆಸರಿನಿಂದಲೇ ತೊಂದರೆ. ಸ್ಫೋಟವೇ ಆಗದ ಪೆಟ್ಟಿಗೆಯೆಂದು ನಂಬಿ, ಹನ್ನೆರಡು ಬೋಲ್ಟು ಬೇಕಾದ ಮುಚ್ಚಳಕ್ಕೆ ನಾಲ್ಕನ್ನು ಬಿಗಿದು ಹೋಗುತ್ತಾರೆ” ಎಂದನು. ವೈಯಾಕರಣರ ಸ್ಫೋಟವಾದವನ್ನು ಓದಿದ್ದ ನಾನು ಈ ಸ್ಫೋಟವನ್ನು ಅರಿಯಲು ಶಿಷ್ಯನಿಗೇ ಶಿಷ್ಯನಾಗಬೇಕಾಯಿತು.

ಮದ್ಯಸಾರದ ಆವಿಯು ಗಾಳಿಯಲ್ಲಿ ನೂರಕ್ಕೆ ಸುಮಾರು 3.3ರಿಂದ 19 ಪಾಲಿನವರೆಗೆ ಬೆರೆತಿದ್ದರೆ ಕಿಡಿಯೊಂದು ತಗುಲಿದಾಗ ಸಿಡಿಯುತ್ತದೆ. ಕಲ್ಲಿದ್ದಲ ಗಣಿಯ ಮೀಥೇನ್ ಅನಿಲಕ್ಕೆ ಈ ಮಿತಿ 5ರಿಂದ 15. ಸ್ವಿಚ್ಚು ತೆರೆದು ಮುಚ್ಚುವಾಗಲೆಲ್ಲ ಲೋಹದ ತುದಿಗಳ ನಡುವೆ ಕಿಡಿ ಹಾರುವುದು ಸಹಜ. ಮೋಟಾರುಗಳನ್ನು ನಡೆಸುವ ನಿಯಂತ್ರಣ ಫಲಕದೊಳಗೆ ಇಂತಹ ಸ್ವಿಚ್ಚುಗಳು ಹಲವಾರಿರುತ್ತವೆ.

ಅಲ್ಪವಾದ ಕಿಡಿಯನ್ನೂ ಅಲಕ್ಷಿಸಲಾಗದೆಂಬ ಅರಿವು ಗಣಿಗಾರರ ಪ್ರಾಣಗಳನ್ನು ತೆತ್ತು ಬಂದುದು. 1913ರ ಅಕ್ಟೋಬರ್ 14ರಂದು ಬ್ರಿಟನ್ನಿನ ವೇಲ್ಸ್ ಪ್ರಾಂತದ ಸೆಂಘೆನಿಡ್ ಎಂಬಲ್ಲಿ ಕಲ್ಲಿದ್ದಲ ಗಣಿ ಸಿಡಿದು 439 ಕಾರ್ಮಿಕರೂ, ರಕ್ಷಣೆಗೆ ಇಳಿದವರಲ್ಲಿ ಒಬ್ಬರೂ ಮಡಿದರು. ಕಾರಣವು ನಿಸ್ಸಂದೇಹವಾಗಿ ತಿಳಿಯಲಿಲ್ಲ. ಆದರೆ ಸಂಕೇತದ ಗಂಟೆ ಬಾರಿಸಲು ಬಳಸುತ್ತಿದ್ದ ವಿದ್ಯುತ್ ಸಲಕರಣೆಯ ಕಿಡಿಯ ಮೇಲೆ ಬಲವಾದ ಶಂಕೆ ಮೂಡಿತು.

ಹಾಗಾದರೆ ಗಾಳಿಯೇ ನುಸುಳದಂತೆ ಪೆಟ್ಟಿಗೆಯನ್ನು ಮುಚ್ಚಬಾರದೇಕೆ? ನಾನೂ ಇದನ್ನೇ ಕೇಳಿದೆನು. ಪೆಟ್ಟಿಗೆಯೂ ಉಸಿರಾಡುತ್ತದೆಯಂತೆ! ವಿದ್ಯುತ್ತು ಹರಿಯುವಾಗ ಒಳಗಿನ ಗಾಳಿ ಕಾದು, ಹಿಗ್ಗಿ, ಸಂದುಗಳಿಂದ ಹೊರಬೀಳುತ್ತದೆ. ನಿಲ್ಲಿಸಿದಾಗ ತಣಿದು ಕುಗ್ಗಿ, ಹೊರಗಿನ ಗಾಳಿಯನ್ನು ಆವಿಯೊಡನೆ ಒಳಗೆಳೆದುಕೊಳ್ಳುತ್ತದೆ. ಆದುದರಿಂದ ಇದನ್ನು ರಚಿಸಿದವರು ಒಂದು ವಿಚಿತ್ರವಾದ ಉಪಾಯವನ್ನು ಹಿಡಿದರು. ಆವಿ ಒಳಗೆ ಬರಲಿ, ಸಿಡಿಯುವುದಾದರೆ ಸಿಡಿಯಲಿ. ಆ ಕಿಚ್ಚು ಮಾತ್ರ ಹೊರಗಿನ ಆವಿಯನ್ನು ಮುಟ್ಟಬಾರದು.

ಇದಕ್ಕೆ ಎರಡು ಗುಣಗಳು ಬೇಕು. ಒಳಗಿನ ಸಿಡಿತದಿಂದ ಒತ್ತಡವು ಏಳೆಂಟು ಪಟ್ಟು ಏರಬಹುದಾದುದರಿಂದ ಕವಚವು ದಪ್ಪವಾಗಿರಬೇಕು. ಎರಡನೆಯದೇ ಇಲ್ಲಿನ ಮರ್ಮ. ಮುಚ್ಚಳವೂ ಪೆಟ್ಟಿಗೆಯೂ ಕೂಡುವ ಅಂಚುಗಳನ್ನು ಅಗಲವಾಗಿ, ನುಣುಪಾಗಿ ಹದಗೊಳಿಸಿ, ನಡುವೆ ಅತಿ ಸಣ್ಣ ಸಂದನ್ನು ಉಳಿಸುತ್ತಾರೆ. ಉರಿಯುವ ಅನಿಲವು ಆ ಇಕ್ಕಟ್ಟಿನಲ್ಲಿ ನುಗ್ಗುವಾಗ ತಣ್ಣನೆಯ ಲೋಹವು ಅದರ ಶಾಖವನ್ನು ಹೀರುತ್ತದೆ. ಹೊರಬರುವ ಹೊತ್ತಿಗೆ ಅದರಲ್ಲಿ ಹೊತ್ತಿಸುವ ಶಕ್ತಿ ಉಳಿದಿರುವುದಿಲ್ಲ. 1815ರಲ್ಲಿ ಹಂಫ್ರಿ ಡೇವಿಯು ಗಣಿಯ ದೀಪಕ್ಕೆ ತಂತಿಯ ಜಾಲರಿಯನ್ನು ಹೊದಿಸಿದುದರಲ್ಲಿಯೂ ಇದೇ ತತ್ತ್ವವಿತ್ತು. ಪ್ರಯೋಗಗಳಲ್ಲಿ ಮೀಥೇನಿನ ಜ್ವಾಲೆ 1.14 ಮಿಲಿಮೀಟರಿನ ಸಂದಿನಲ್ಲಿ ಅಡಗುತ್ತದೆ, ಜಲಜನಕಕ್ಕೆ 0.3 ಮಿಲಿಮೀಟರಿಗೂ ಕಡಿಮೆ ಸಂದು ಬೇಕು. ತಯಾರಿಕೆಯಲ್ಲಿ ಇವಕ್ಕಿಂತಲೂ ಕಿರಿದಾದ ಅಳತೆಯನ್ನೇ ವಿಧಿಸಿದ್ದಾರೆ. ಧನಬಾದಿನ ಕೇಂದ್ರೀಯ ಗಣಿಗಾರಿಕೆ ಮತ್ತು ಇಂಧನ ಸಂಶೋಧನಾ ಸಂಸ್ಥೆಯಂತಹ ಕಡೆಗಳಲ್ಲಿ ಪೆಟ್ಟಿಗೆಯ ಒಳಗೂ ಹೊರಗೂ ಅನಿಲವನ್ನು ತುಂಬಿ, ಒಳಗೆ ಹೊತ್ತಿಸಿ ಪರೀಕ್ಷಿಸುತ್ತಾರೆ. ಹೊರಗಿನದು ಹೊತ್ತಿಕೊಳ್ಳದಿದ್ದರೆ ಮಾತ್ರ ಆ ಮಾದರಿ ಪರೀಕ್ಷೆಯಲ್ಲಿ ಗೆದ್ದಂತೆ.

ಇಷ್ಟು ತಿಳಿದ ಮೇಲೆ ನಾಲ್ಕು ಬೋಲ್ಟುಗಳ ಅನರ್ಥವು ನನಗೆ ಅರಿವಾಯಿತು. ಒತ್ತಡ ಏರಿದಾಗ, ಬೋಲ್ಟು ಇಲ್ಲದೆಡೆಯಲ್ಲಿ ಮುಚ್ಚಳವು ಬಾಗುತ್ತದೆ. ಸಂದು ಅಗಲಿಸಿ ಜ್ವಾಲೆಗೆ ದಾರಿಯಾಗುತ್ತದೆ. ಅಂಚಿನ ಮೇಲೆ ಉಳಿಯಿಂದಾದ ಗೀರೂ ಹಾಗೆಯೇ. ಧೂಳು ಹೋಗದಿರಲೆಂದು ಯಾರೋ ಸದುದ್ದೇಶದಿಂದ ನಡುವೆ ರಬ್ಬರಿನ ಪಟ್ಟಿಯನ್ನು ಸೇರಿಸಿದ್ದರಂತೆ. ಸಿಡಿತವು ಆ ಪಟ್ಟಿಯನ್ನು ಹೊರಕ್ಕೆಸೆದರೆ ಉಳಿಯುವುದು ಅಗಲವಾದ ಬಿರುಕೇ. ಅಂಚಿಗೆ ಬಣ್ಣವನ್ನೂ ಬಳಿಯಬಾರದು. ತುಕ್ಕು ಹಿಡಿಯದಂತೆ ತಕ್ಕ ಗ್ರೀಸನ್ನು ತೆಳುವಾಗಿ ಸವರಬಹುದು. ಹೊಸ ಕೇಬಲ್ಲಿಗಾಗಿ ಕವಚಕ್ಕೆ ತಮ್ಮಿಷ್ಟದಂತೆ ತೂತು ಕೊರೆದರೆ, ಪರೀಕ್ಷೆಯ ಪ್ರಮಾಣಪತ್ರಕ್ಕೆ ಅರ್ಥವೇ ಉಳಿಯದು.

ಇನ್ನು ಹೆಸರಿನ ವಿಚಾರ. ‘ಎಕ್ಸ್‌ಪ್ಲೋಷನ್ ಪ್ರೂಫ್’ ಎಂಬುದು ಅಮೆರಿಕನ್ನರ ರೂಢಿ. ಇಂಗ್ಲೆಂಡಿನಲ್ಲಿಯೂ ನಮ್ಮಲ್ಲಿಯೂ ‘ಫ್ಲೇಮ್ ಪ್ರೂಫ್’ ಎನ್ನುವುದುಂಟು. ಪೆಟ್ಟಿಗೆಯ ಮೇಲಿನ ‘ಎಕ್ಸ್ ಡಿ’ ಗುರುತಿನಲ್ಲಿರುವ ‘ಡಿ’ ಅಕ್ಷರವಾದರೋ ಜರ್ಮನ್ ಭಾಷೆಯ ‘ಡ್ರುಕ್‌ಫೆಸ್ಟ್’ ಎಂಬುದರಿಂದ ಬಂದುದು. ಒತ್ತಡಕ್ಕೆ ಬಗ್ಗದುದು ಎಂದು ಅದರ ಅರ್ಥ. ಮೊದಲನೆಯ ಹೆಸರು ಆಗದುದನ್ನು ಆಗುವುದೆಂಬಂತೆ ಹೇಳುತ್ತದೆ. ಉಳಿದೆರಡು ಸತ್ಯಕ್ಕೆ ಸಮೀಪವಾದರೂ ಅರ್ಧರ್ಧ ಮಾತ್ರ. ‘ಜ್ವಾಲಾಬಂಧಕ’ ಎಂಬ ಪದವನ್ನು ನಾನು ಸೂಚಿಸಿದೆನು. ಶಿಷ್ಯನು ವಿನಯದಿಂದಲೇ, “ರಾತ್ರಿ ಪಾಳಿಯವರಿಗೆ ಇದು ತಿಳಿಯಬೇಕಲ್ಲ ಗುರುಗಳೇ” ಎಂದನು. ನನ್ನ ಸಂಸ್ಕೃತವನ್ನು ಬದಿಗಿಟ್ಟು ಇಬ್ಬರೂ ಕೂಡಿ ಬರೆದ ಫಲಕವು ಹೀಗಿದೆ:

“ಈ ಪೆಟ್ಟಿಗೆಯೊಳಗೆ ಕಿಚ್ಚು ಏಳಬಹುದು. ಅದನ್ನು ಒಳಗೇ ಕಟ್ಟಿಡುವುದು ಈ ಮುಚ್ಚಳ. ವಿದ್ಯುತ್ತು ಇರುವಾಗ ತೆರೆಯಬೇಡಿ. ಮುಚ್ಚುವಾಗ ಹನ್ನೆರಡು ಬೋಲ್ಟುಗಳನ್ನೂ ಎಣಿಸಿ ಬಿಗಿಯಿರಿ.”