ನಾಯಕನ ಸಂಕಟವೇ ನಾಟಕದ ಜೀವಾಳ

ನಾಟಕವೆಂದೊಡನೆ ಕತ್ತಿಗಳ ಖಣಖಣಾಟವನ್ನೂ ವೀರಾಲಾಪಗಳನ್ನೂ ನೆನೆಯುವವರು ಬಹಳ. ಆದರೆ ಕಥೆಗೆ ಕಳೆಯೇರುವುದು ನಾಯಕನ ಬಲದಿಂದಲ್ಲ; ಆ ಬಲವನ್ನು ಕಟ್ಟಿಹಾಕಿದ ನಿರ್ಬಂಧದಿಂದ. ಇದಕ್ಕೆ ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳೇ ಸಾಕ್ಷಿ ನುಡಿಯುವುವು.

ಶಾಸನಗಳ ಪಾನುಂಗಲ್ಲು, ಇಂದಿನ ಹಾನಗಲ್ಲು, ಜನರ ನಂಬುಗೆಯಲ್ಲಿ ವಿರಾಟನಗರಿಯು. ಪಾಂಡವರು 12 ವರ್ಷ ವನವಾಸವನ್ನು ಮುಗಿಸಿ ಒಂದು ವರ್ಷ ಅಜ್ಞಾತರಾಗಿದ್ದುದು ಆ ನಗರಿಯಲ್ಲಿ. ಗುರುತು ಸಿಕ್ಕಿತೋ, ಪುನಃ 12 ವರ್ಷ ಕಾಡೇ ಗತಿ. ಕೀಚಕನು ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಒದೆಯುವನು. ಭೀಮನು ಕನಲುವನು, ಧರ್ಮರಾಯನು ತಡೆಯುವನು. ಬಾಣಸಿಗನ ವೇಷದ ಆ ಮಹಾಬಲನು ಹಲ್ಲು ಕಚ್ಚಿ ಸುಮ್ಮನಿರಬೇಕಾಗುವುದು. ಪ್ರೇಕ್ಷಕರ ಎದೆ ಬಡಿದುಕೊಳ್ಳುವುದು ಆಗಲೇ. ಇರುಳಿನಲ್ಲಿ ದ್ರೌಪದಿಯು ಅಡುಗೆಮನೆಗೆ ಬಂದು ಕಣ್ಣೀರಿಡುವಾಗ ಪತ್ನಿಯ ಮಾನವೋ, ಸೋದರರ ವಚನವೋ ಎಂಬ ತೊಳಲಾಟವು ತುದಿಗೇರುವುದು. ನಾಟ್ಯಶಾಲೆಯ ವಧೆಯು ಅದರ ಫಲಮಾತ್ರವು.

ಖಾಡಿಲಕರರು 1907ರಲ್ಲಿ ಇದೇ ಕಥೆಯನ್ನು ‘ಕೀಚಕವಧ’ವೆಂಬ ಮರಾಠಿ ನಾಟಕವಾಗಿಸಿದಾಗ, ಜನರು ಕೀಚಕನಲ್ಲಿ ಕರ್ಜನ್ ಪ್ರಭುವನ್ನು ಕಂಡರು. 1910ರಲ್ಲಿ ಸರಕಾರವು ಅದನ್ನು ನಿಷೇಧಿಸಿತು. ಕೈಕಟ್ಟಿದ ಭೀಮನಲ್ಲಿ ಕೈಕಟ್ಟಿದ ನಾಡು ತನ್ನನ್ನೇ ಕಂಡುಕೊಂಡಿತ್ತು!

ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಜನಿಸಿದ ಕನಕದಾಸರು ‘ರಾಮಧಾನ್ಯಚರಿತ್ರೆ’ಯಲ್ಲಿ ಧಾನ್ಯವನ್ನೇ ನಾಯಕನನ್ನಾಗಿಸಿದರು. ಅಕ್ಕಿಯ ಹೀಯಾಳಿಕೆಗೆ ಗುರಿಯಾದ ರಾಗಿಯು ಅಕ್ಕಿಯೊಡನೆ ಆರು ತಿಂಗಳು ಸೆರೆಯಲ್ಲಿರುವುದು. ಅಕ್ಕಿಯು ಸೊರಗುವುದು, ರಾಗಿಯು ಕೆಡದೆ ಉಳಿಯುವುದು. ಇಲ್ಲಿ ತಾಳಿಕೆಯೇ ಪರಾಕ್ರಮವು.

ಹಿರೇಕೆರೂರು ತಾಲೂಕಿನ ಅಬಲೂರಿನ ಶಾಸನವು ವರ್ಣಿಸುವ ಏಕಾಂತದ ರಾಮಯ್ಯನು ವಾದದಲ್ಲಿ ತನ್ನ ಶಿರಸ್ಸನ್ನೇ ಪಣವಾಗಿಟ್ಟವನು. ಪಣವು ಹಿರಿದಾದಷ್ಟೂ ಕೇಳುವವನ ಉಸಿರು ಬಿಗಿಯುವುದು. ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿ. ಕೃ. ಗೋಕಾಕರು ತಮ್ಮ ಮಹಾಕಾವ್ಯಕ್ಕೆ ವಿಶ್ವಾಮಿತ್ರನನ್ನು ನಾಯಕನನ್ನಾಗಿ ಆರಿಸಿದರು. ಅರಸನು ಋಷಿಯಾಗಬೇಕಾದರೆ ಗೆಲ್ಲತಕ್ಕ ವೈರಿಯು ಒಳಗೇ ಇರುವನಷ್ಟೆ.

ಆದುದರಿಂದ ಮಕ್ಕಳಿಗೆ ಕಥೆ ಹೇಳುವ ಹಿರಿಯರು ವಧೆಯ ಘಟ್ಟಕ್ಕೆ ಧಾವಿಸದಿರಲಿ. ಭೀಮನು ಸುಮ್ಮನಿದ್ದ ಆ ಗಳಿಗೆಯಲ್ಲಿ ತಾವೂ ತುಸು ನಿಲ್ಲಲಿ. ‘ಅವನು ಏಕೆ ಹೊಡೆಯಲಿಲ್ಲ?’ ಎಂದು ಮಗುವು ಕೇಳಿದರೆ, ಕಥೆಯು ಅದರ ಮನಸ್ಸನ್ನು ಮುಟ್ಟಿತೆಂದು ನಾವು ತಿಳಿಯಬಹುದು.