ಏಣಿಯ ಮೇಲಿನ ಏಕಾಗ್ರತೆ

ತನ್ನನ್ನು ಮರೆತು ಕಾರ್ಯದಲ್ಲಿ ಲೀನವಾಗುವ ಸ್ಥಿತಿಯ ಮಾತು ಬಂದಾಗ ನಾವು ವಾಡಿಕೆಯಂತೆ ಗಾಯಕನನ್ನೋ ಧ್ಯಾನಸ್ಥ ಯೋಗಿಯನ್ನೋ ಉದಾಹರಿಸುತ್ತೇವೆ. ಆದರೆ ದಕ್ಷಿಣ ಕೊಡಗಿನ ಪಾಲಿಬೆಟ್ಟದ ತೋಟಗಳಲ್ಲಿ, ಕಾಫಿ ಕುಯ್ಲು ಮುಗಿಯುತ್ತ ಬಂದು ಕರಿಮೆಣಸಿನ ಕುಯ್ಲು ಮೊದಲಾಗುವ ಕಾಲದಲ್ಲಿ, ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿಯ ಮೇಲೆ ನಿಂತು ಮೆಣಸು ಬಿಡಿಸುವ ಆಳನ್ನು ಕಂಡವರಿಗೆ, ಆ ಸ್ಥಿತಿಯು ಕಲಾವಿದರಿಗೂ ತಪಸ್ವಿಗಳಿಗೂ ಮಾತ್ರ ಮೀಸಲಾದುದೆಂಬ ನಂಬಿಕೆ ಸಡಿಲವಾಗದೆ ಇರದು.

ಕಾಲಿಗೆ ಆಧಾರವೆಂದರೆ ಬಿದಿರಿನ ಗೆಣ್ಣಿನಲ್ಲಿ ಕತ್ತರಿಸಿ ಉಳಿಸಿದ ಮೋಟುಗೊಂಬೆ. ಮೈಗೆ ತಗುಲಿಸಿಕೊಂಡದ್ದು ಒಂದು ಚೀಲ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪೇರಿದ್ದರೆ ಅದು ಕುಯ್ಲಿಗೆ ಬಂದಂತೆ. ಎಳೆಯದನ್ನು ಕಿತ್ತರೆ ಒಣಗಿದಾಗ ತೂಕವಿಲ್ಲ, ತೀರ ಹಣ್ಣಾಗಲು ಬಿಟ್ಟರೆ ಉದುರಿ ನೆಲದ ಪಾಲು, ಇಲ್ಲವೇ ಹಕ್ಕಿಯ ಪಾಲು. ಈ ತೀರ್ಮಾನವನ್ನು ಪ್ರತಿ ಗೊಂಚಲಿಗೂ ಹೊಸದಾಗಿ ಮಾಡಬೇಕು, ಬಳ್ಳಿಯನ್ನು ಜಗ್ಗದೆ ತೊಟ್ಟನ್ನು ಚಿವುಟಬೇಕು, ಅಷ್ಟರಲ್ಲಿ ಮೈಯ ಭಾರ ಯಾವ ಕಡೆಗೆ ವಾಲುತ್ತಿದೆಯೆಂಬುದೂ ಪಾದಕ್ಕೆ ತಿಳಿದಿರಬೇಕು. ಇಷ್ಟನ್ನೂ ನಿರ್ವಹಿಸುತ್ತಿರುವ ಚಿತ್ತದಲ್ಲಿ ಮನೆಯ ಸಾಲಕ್ಕಾಗಲಿ ನೆರೆಯವರ ಮಾತಿಗಾಗಲಿ ಜಾಗವೆಲ್ಲಿಂದ ಬರಬೇಕು?

ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯಿ ಚಿಕ್‌ಸೆಂಟ್‌ಮಿಹಾಯಿ ಕೊಟ್ಟ ವಿವರಣೆಯೂ ಬಹುಮಟ್ಟಿಗೆ ಇದೇ. ಬಂಡೆ ಹತ್ತುವವರು, ಚದುರಂಗದ ಆಟಗಾರರು, ಶಸ್ತ್ರವೈದ್ಯರು, ನರ್ತಕರು ಮೊದಲಾದವರನ್ನು ವಿಚಾರಿಸಿ 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಈ ಸ್ಥಿತಿಗೆ 'ಫ್ಲೋ' ಎಂದು ಹೆಸರಿಟ್ಟರು. ಕೆಲಸವು ಕೌಶಲಕ್ಕೆ ಮೀರಿದ್ದಾದರೆ ಆತಂಕ, ಕೌಶಲಕ್ಕಿಂತ ತೀರ ಕೆಳಗಿನದಾದರೆ ಬೇಸರ. ಎರಡೂ ಸರಿಸಮನಾಗಿ, ಮುಂದೇನು ಮಾಡಬೇಕೆಂಬುದು ಸ್ಪಷ್ಟವಾಗಿದ್ದು, ಮಾಡಿದ್ದರ ಫಲ ಒಡನೊಡನೆಯೇ ಕಣ್ಣಿಗೆ ಬೀಳುತ್ತಿದ್ದರೆ ತನ್ಮಯತೆ ಒದಗುತ್ತದೆ. ಮನುಷ್ಯನ ಗಮನಕ್ಕೆ ಮಿತಿಯುಂಟು. ಅದೆಲ್ಲ ಕೆಲಸಕ್ಕೇ ವ್ಯಯವಾದಾಗ ತನ್ನನ್ನು ತಾನು ನೋಡಿಕೊಳ್ಳಲು, ಹೊತ್ತನ್ನು ಅಳೆಯಲು ಉಳಿಯುವುದು ಅತ್ಯಲ್ಪ. ಮಧ್ಯಾಹ್ನವಾದದ್ದೇ ತಿಳಿಯಲಿಲ್ಲವೆಂದು ನಾವು ಹೇಳುವುದು ಇದರಿಂದಲೇ.

1989ರಲ್ಲಿ ಅವರೂ ಜೂಡಿತ್ ಲೆಫೆವ್ರ್ ಅವರೂ ಪ್ರಕಟಿಸಿದ ಶೋಧವೊಂದು ನನಗೆ ಇದಕ್ಕಿಂತಲೂ ಕುತೂಹಲಕರವಾಗಿ ಕಾಣುತ್ತದೆ. ನೌಕರರ ಕೈಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಆ ಕ್ಷಣದ ಮನಸ್ಥಿತಿಯನ್ನು ಬರೆಯಿಸಿದರು. ತನ್ಮಯತೆಯ ಅನುಭವ ವಿರಾಮಕ್ಕಿಂತ ದುಡಿಮೆಯ ವೇಳೆಯಲ್ಲಿಯೇ ಹೆಚ್ಚಾಗಿ ಕಂಡುಬಂದಿತು. ಆದರೂ ಬೇರೇನಾದರೂ ಮಾಡುತ್ತಿರಬೇಕಿತ್ತೆಂಬ ಹಂಬಲ ಹೆಚ್ಚಾಗಿದ್ದುದೂ ಆ ದುಡಿಮೆಯ ವೇಳೆಯಲ್ಲಿಯೇ. ಇದರಲ್ಲಿ ಆಶ್ಚರ್ಯವೇನು? ಕಾಫಿ ಕುಯ್ಲಿನಲ್ಲಿ ಹಸಿರನ್ನು ಬಿಟ್ಟು ಹಣ್ಣನ್ನಷ್ಟೇ ಆರಿಸುವ ಬೆರಳಿಗೂ ಒಂದು ಲಯವುಂಟು. ಆದರೆ ಕೂಲಿ ಕಿಲೋ ಲೆಕ್ಕಕ್ಕೆ ನಿಂತಾಗ ಮನಸ್ಸು ಗಿಡದಿಂದ ತಕ್ಕಡಿಗೆ ಹಾರುತ್ತದೆ, ಸಂಜೆ ಮೇಸ್ತ್ರಿಯ ಮುಂದೆ ಮೂಟೆ ತೂಗುವ ಹೊತ್ತಿಗೆ ಉಳಿಯುವುದು ಸೊಂಟನೋವು ಮಾತ್ರ. ಅದೇ ಪಾಲಿಬೆಟ್ಟದಲ್ಲಿ ಗಾಲ್ಫ್ ಆಡುವವನ ಏಕಾಗ್ರತೆಯನ್ನೂ ಕುಯ್ಲಿನವಳ ಏಕಾಗ್ರತೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ಶ್ರಮವೇ ಆನಂದವೆಂದು ಬರೆಯುವುದು ಶ್ರಮಪಡದವರಿಗೆ ಸುಲಭ.

ಇನ್ನೊಂದು ಸಂಗತಿಯನ್ನು ಪುಸ್ತಕಗಳು ಅಷ್ಟಾಗಿ ಗಮನಿಸುವುದಿಲ್ಲ. ಪಾಲಿಬೆಟ್ಟ, ಸಿದ್ದಾಪುರ, ಅಮ್ಮತ್ತಿಗಳ ಕಡೆಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಕಾಡಾನೆಗಳು ಇಲ್ಲಿ ಕಾಡಿನಿಂದ ಬಂದು ಹೋಗುವ ಅತಿಥಿಗಳಷ್ಟೇ ಅಲ್ಲ, ತೋಟದ ನೆರಳಿನಲ್ಲಿಯೇ ಹಗಲು ಕಳೆಯುವುದೂ ಉಂಟು. ಹಲಸು ಹಣ್ಣಾಗುವ ಕಾಲದಲ್ಲಿ ಹೇಳುವುದೇ ಬೇಡ. ಅಷ್ಟು ದೊಡ್ಡ ಪ್ರಾಣಿ ಕಾಫಿ ಗಿಡಗಳ ಮರೆಯಲ್ಲಿ ಸದ್ದಿಲ್ಲದೆ ನಿಲ್ಲಬಲ್ಲದು, ತೋಟದ ಕೆಲಸಕ್ಕೆ ಹೋದವರು ಅದರ ಕಾಲಿಗೆ ಸಿಕ್ಕಿ ಸತ್ತದ್ದೂ ಉಂಟು. ಇಲ್ಲಿ ಕಿವಿಯನ್ನು ಪೂರ್ತಿಯಾಗಿ ಕೆಲಸಕ್ಕೆ ಒಪ್ಪಿಸುವಂತಿಲ್ಲ. ಬಂಡೆ ಹತ್ತುವವನು ಮೈಮರೆಯಬಲ್ಲನಾದರೆ ಕೆಳಗೊಬ್ಬ ಹಗ್ಗ ಹಿಡಿದು ಎಚ್ಚರವಾಗಿದ್ದಾನೆ. ಶಸ್ತ್ರವೈದ್ಯನ ಪಕ್ಕದಲ್ಲಿ ರೋಗಿಯ ಉಸಿರಾಟವನ್ನು ಗಮನಿಸುವವರು ಬೇರೆ ಇದ್ದಾರೆ. ಏಣಿ ಹತ್ತಿದವನಿಗೂ ಬುಡದಲ್ಲಿ ಜೊತೆಗಾರನೊಬ್ಬ ಬೇಕು: ಬಿದಿರು ಜಾರದಂತೆ ಹಿಡಿಯಲು, ಕೊಂಬೆ ಮುರಿದ ಸದ್ದು ಕೇಳಿದರೆ ಕೂಗಿ ಹೇಳಲು. ಕೂಲಿ ಉಳಿಸಲೆಂದು ಒಬ್ಬನನ್ನೇ ಕಳುಹಿಸುವ ತೋಟದಲ್ಲಿ ಆ ಏಕಾಗ್ರತೆ ಒದಗುವುದು ಕಷ್ಟ. ಅರ್ಧ ಮನಸ್ಸು ಸದಾ ಕೆಳಗಿನ ಪೊದೆಯ ಕಡೆಗೇ ಇರುತ್ತದೆ, ಹಾಗಿರುವುದೇ ಅವನಿಗೆ ಕ್ಷೇಮ.